ಬೈದರೆ ಬಗ್ಗದ ತಪ್ಪು, ಕಪಾಟು ಬದಲಿಸಿದಾಗ ಬಗ್ಗಿತು: ವಾರ್ಡಿನ ಔಷಧಿ ಸುರಕ್ಷತೆಯಲ್ಲಿ ನನ್ನ ಅನುಭವ

ಇದನ್ನು ಬರೆಯಲು ಕಾರಣ ಒಂದೇ: ಜನ ಹೆಚ್ಚಿಸದೆ, ದುಡ್ಡು ಸುರಿಯದೆ ವಾರ್ಡಿನ ಔಷಧಿ ತಪ್ಪುಗಳನ್ನು ಇಳಿಸಲು ಆಗುವುದಿಲ್ಲ ಅಂದವರ ಲೆಕ್ಕ ತಪ್ಪಿತು. 30 ಹಾಸಿಗೆಯ ಮೆಡಿಕಲ್ ವಾರ್ಡು, ಅದಕ್ಕೆ ಅಂಟಿಕೊಂಡ 8 ಹಾಸಿಗೆಯ ಐಸಿಯು. ಹಗಲು ಐದಾರು ಸಿಸ್ಟರ್‌ಗಳು, ರಾತ್ರಿ ಮೂವರು. ಜನ ಹೆಚ್ಚಲಿಲ್ಲ, ಸಾಫ್ಟ್‌ವೇರ್ ನೆರವಾಗಲಿಲ್ಲ, ಕಟ್ಟಡ ಅದೇ. ಆದರೂ ಒಂದೂವರೆ ವರ್ಷದಲ್ಲಿ ಔಷಧಿ ತಪ್ಪುಗಳು ಕಡಿಮೆಯಾದವು, ಅದೂ ಬರೀ ರಿಜಿಸ್ಟರಿನಲ್ಲಲ್ಲ.

ಕಡಿಮೆಯಾಯಿತು ಅನ್ನುವುದು ಗೊತ್ತಾದದ್ದು ಹೇಗೆ ಎಂಬುದನ್ನೇ ಮೊದಲು ಹೇಳಬೇಕು, ಏಕೆಂದರೆ ಅನುಮಾನ ಬಂದದ್ದೂ ಅಲ್ಲೇ. ವರದಿಯಾದ ತಪ್ಪುಗಳ ಸಂಖ್ಯೆ ನಂಬುವಂಥದ್ದಲ್ಲ. ಹೆದರಿಕೆ ಹೆಚ್ಚಾದ ತಿಂಗಳು ವರದಿ ತಾನೇ ಇಳಿಯುತ್ತದೆ. ತಪ್ಪಾದ ಮೇಲೆ ಓಡಿಹೋಗಿ ತರುವ ಔಷಧಿಗಳನ್ನು ಎಣಿಸಬೇಕು. ಇನ್ಸುಲಿನ್ ಜಾಸ್ತಿಯಾದರೆ 25% ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ), ಮಾರ್ಫಿನ್ ಜಾಸ್ತಿಯಾದರೆ ನಲಾಕ್ಸೋನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್‌ಗೆ ಪ್ರೋಟಮಿನ್, ಅದೇ ಕೆಲಸದ ಮಾತ್ರೆ ವಾರ್ಫರಿನ್‌ಗೆ ವಿಟಮಿನ್ ಕೆ, ನಿದ್ದೆ ಬರಿಸುವ ಮಿಡಜೋಲಮ್‌ಗೆ ಫ್ಲೂಮಜೆನಿಲ್. ಈ ಐದರ ಇಂಡೆಂಟ್ ಪುಸ್ತಕ (ವಾರ್ಡು ಔಷಧಿ ಕೇಳಿ ಪಡೆದ ದಾಖಲೆ) ಫಾರ್ಮಸಿಯಲ್ಲಿ ಬಿದ್ದಿರುತ್ತದೆ, ಯಾರೂ ನೋಡುವುದಿಲ್ಲ. ಪ್ರತಿ ಇಂಡೆಂಟಿಗೂ ಕೇಸ್ ಶೀಟ್ ತೆಗೆದು ಹಿಂದಿನ 12 ಗಂಟೆಯಲ್ಲಿ (ವಾರ್ಫರಿನ್ ಆದರೆ ಹಿಂದಿನ ಕೆಲವು ದಿನಗಳಲ್ಲಿ) ಏನು ಕೊಟ್ಟಿದ್ದರು ಎಂದು ನೋಡಿದರೆ ಸಾಕು. ಎಲ್ಲವೂ ತಪ್ಪಿನಿಂದಲೇ ಬಂದಿರುವುದಿಲ್ಲ. ಊಟ ಬಿಟ್ಟ ರೋಗಿ ಇರಬಹುದು, ಕಿಡ್ನಿ ಕೆಟ್ಟದ್ದಿರಬಹುದು. ಅವನ್ನು ಕಳೆದರೂ ಉಳಿಯುವ ಸಂಖ್ಯೆ ಮೊದಲ ಸಲ ಎಣಿಸಿದವರ ಬಾಯಿ ಮುಚ್ಚಿಸುತ್ತದೆ. ನೆನಪಿನ ಮೇಲೆ ಹೇಳುವುದಾದರೆ, ನಮ್ಮಲ್ಲಿ ಇನ್ಸುಲಿನ್‌ನಿಂದಾದ ಡೆಕ್ಸ್‌ಟ್ರೋಸ್ ಓಟ ಮೊದಲಿದ್ದದ್ದರ ಅರ್ಧಕ್ಕಿಂತ ಸಾಕಷ್ಟು ಕೆಳಗಿಳಿಯಿತು. ನಲಾಕ್ಸೋನ್ ಲೆಕ್ಕ ಮೊದಲೇ ಚಿಕ್ಕದು, ಅದರ ಮೇಲೆ ದೊಡ್ಡ ಮಾತು ಆಡುವುದಿಲ್ಲ.

ಈಗ ಕೈಸುಟ್ಟುಕೊಂಡ ಬಾಬತ್ತುಗಳು. ಮೊದಲನೆಯದು ಸುತ್ತೋಲೆ. ತಪ್ಪಾದ ಮೇಲೆ 'ಇನ್ನು ಮುಂದೆ ಎಚ್ಚರಿಕೆಯಿಂದಿರತಕ್ಕದ್ದು' ಎಂದು ಸಹಿ ಹಾಕಿಸಿಕೊಳ್ಳುವುದು ಕೋಟೆ ಲೂಟಿಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಅದರಲ್ಲೂ ಬಾಗಿಲು ಬೇರೆ ಕೋಟೆಯದು. ಎರಡನೆಯದು, ಎಲ್ಲ ಇಂಜೆಕ್ಷನ್‌ಗೂ ಇಬ್ಬರ ಸಹಿ. ಮೂರು ವಾರ ನಡೆಯಿತು. ಬೆಳಗಿನ ಎಂಟರ ರೌಂಡಿಗೆ ಒಂದೂವರೆ ಗಂಟೆ ಹಿಡಿಯುತ್ತಿದ್ದದ್ದು ಎರಡೂವರೆಯಾಯಿತು. ಕೊನೆಗೆ ಶಿಫ್ಟ್ ಮುಗಿಯುವಾಗ ಒಬ್ಬರು ಕುಳಿತು 60 ಸಹಿಗಳನ್ನು ಒಟ್ಟಿಗೆ ಹಾಕಿದರು. ಅವರದೇನೂ ತಪ್ಪಿಲ್ಲ, ಮಾಡಲಾಗದ ಕೆಲಸ ಕೊಟ್ಟರೆ ಸಹಿಯಷ್ಟೇ ಸಿಗುತ್ತದೆ.

ಮೂರನೆಯದು 'ತೊಂದರೆ ಕೊಡಬೇಡಿ' ಎಂದು ಬರೆದ ಕೆಂಪು ಏಪ್ರನ್. ಔಷಧಿ ಕೊಡುವಾಗ ಮಾತಾಡಿಸಿದರೆ ತಪ್ಪು ಹೆಚ್ಚುತ್ತದೆ ಎಂಬುದು ನಿಜ. ಆದರೆ ಒಂದು ವಾರ ಪಕ್ಕದಲ್ಲಿ ನಿಂತು ಗೀಟು ಹಾಕಿದಾಗ ತಿಳಿದದ್ದು ಬೇರೆ. ಅಡ್ಡ ಬರುವವರಲ್ಲಿ ರೋಗಿಗಳೂ ಮನೆಯವರೂ ಕಡಿಮೆ, ನಮ್ಮವರೇ ಹೆಚ್ಚು. ಡ್ಯೂಟಿ ಡಾಕ್ಟರ್, ಬೀಗದ ಕೈ ಕೇಳುವ ಪಕ್ಕದ ಸಿಸ್ಟರ್, ಎಲ್ಲಕ್ಕಿಂತ ಮೊದಲು ಫೋನು. ಏಪ್ರನ್ ಹಾಕಿದ್ದರಿಂದ ರೋಗಿಗಳು ನೀರು ಕೇಳುವುದನ್ನು ಬಿಟ್ಟರು, ನಮ್ಮವರು ಬಿಡಲಿಲ್ಲ. ಏಪ್ರನ್ ಮೂಲೆ ಸೇರಿತು. ಬದಲಿಗೆ ಆ ಒಂದೂವರೆ ಗಂಟೆ ಫೋನನ್ನು ವಾರ್ಡ್ ಕ್ಲರ್ಕ್ ಮೇಜಿಗೆ ಸರಿಸಿದೆವು, ಎಕ್ಸ್‌ರೇಗೆ ಕಳಿಸುವ ಕರೆಗಳನ್ನು ಒಂಬತ್ತೂವರೆಯ ನಂತರಕ್ಕೆ ತಳ್ಳಿದೆವು. ಖರ್ಚು ಸೊನ್ನೆ. ಏಪ್ರನ್ ಹೊಲಿಸಿದ ದುಡ್ಡು ಹೋದದ್ದು ಹೋಯಿತು.

ನಾಲ್ಕನೆಯದು ಬಾರ್‌ಕೋಡ್. ರೋಗಿಯ ಕೈಪಟ್ಟಿಯನ್ನೂ ಔಷಧಿಯನ್ನೂ ಸ್ಕ್ಯಾನ್ ಮಾಡಿ ಎರಡೂ ಹೊಂದುತ್ತವೋ ನೋಡುವ ಯಂತ್ರ ಅದು. ಯಂತ್ರ ಕೆಟ್ಟದ್ದಲ್ಲ, ಕೊಂಡ ಕ್ರಮ ಕೆಟ್ಟದ್ದು. ವಾರ್ಡಿನಲ್ಲಿ ಸಿರಿಂಜ್ ಇಡಲು ಸರಿಯಾದ ಟ್ರೇಗಳಿಲ್ಲದ ಕಾಲದಲ್ಲಿ ಸ್ಕ್ಯಾನರ್ ಬಂತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಕೈಪಟ್ಟಿಯ ಮೇಲಿನ ಗೆರೆಗಳು ಮಣಿಕಟ್ಟಿನ ಬಾಗಿನಲ್ಲಿ ಓದಿಸಿಕೊಳ್ಳುವುದಿಲ್ಲ. ಬೆವರು, ನೀರು ತಾಗಿದರೆ ಅಳಿಸುತ್ತವೆ. ಒಂದು ಆಂಪೂಲನ್ನು (ಇಂಜೆಕ್ಷನ್ ಔಷಧಿಯ ಮುಚ್ಚಿದ ಪುಟ್ಟ ಸೀಸೆ) ಅರ್ಧ ಬಳಸಿದರೆ ಎಷ್ಟು ಕೊಟ್ಟರು ಎಂಬುದು ಸ್ಕ್ಯಾನರಿಗೆ ಗೊತ್ತಾಗುವುದಿಲ್ಲ. ತಿಂಗಳೊಳಗೆ ಎಲ್ಲರ ಕೈಪಟ್ಟಿಯ ನಕಲುಗಳೂ ಟ್ರಾಲಿಯ ಪಕ್ಕಕ್ಕೆ ಸಾಲಾಗಿ ಅಂಟಿಕೊಂಡವು. ಸ್ಕ್ಯಾನ್ ಆಗುತ್ತಿತ್ತು, ರೋಗಿಯ ಹತ್ತಿರ ಹೋಗದೆ. ಅಂಥ ಎರಡು ಸ್ಕ್ಯಾನರಿನ ದುಡ್ಡಿನಲ್ಲಿ ಕೆಳಗೆ ಹೇಳುವ ಟ್ರೇ, ಸ್ಟಿಕರ್, ಬೀಗ, ದೀಪ ಎಲ್ಲ ಬಂದು ಇನ್ನೂ ಉಳಿಯುತ್ತಿತ್ತು.

ಕೆಲಸ ಮಾಡಿದ್ದು ಏನು? ಮನುಷ್ಯರನ್ನು ತಿದ್ದುವುದು ಬಿಟ್ಟು ಕಪಾಟನ್ನು ತಿದ್ದಿದ್ದು. ತಪ್ಪು ಔಷಧಿ ಕೈಗೆ ಸಿಗದಂತೆ ಮಾಡಿದರೆ ಎಚ್ಚರಿಕೆಯ ಬೋಧನೆ ಬೇಕಾಗುವುದಿಲ್ಲ.

ಶುರು ಮಾಡಿದ್ದು ಕೆಸಿಎಲ್, ಅಂದರೆ ಪೊಟ್ಯಾಸಿಯಂ ಕ್ಲೋರೈಡ್‌ನಿಂದ. 15% ಕೆಸಿಎಲ್‌ನ 10 ಮಿ.ಲೀ. ಆಂಪೂಲಿನಲ್ಲಿ 1.5 ಗ್ರಾಂ, ಅಂದರೆ 20 ಎಂ.ಇ.ಕ್ಯು. (ಲವಣ ಅಳೆಯುವ ಮಿಲಿಈಕ್ವಿವಲೆಂಟ್) ಇದೆ. ನೇರ ನರಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ಅದರ ಪಕ್ಕದಲ್ಲೇ ಅದೇ ಗಾತ್ರದ ಡಿಸ್ಟಿಲ್ಡ್ ವಾಟರ್, ಅದೇ ಗಾತ್ರದ ಸಲೈನ್ ಆಂಪೂಲ್. ಆಂಟಿಬಯಾಟಿಕ್ ಪುಡಿ ಕರಗಿಸಲು ದಿನಕ್ಕೆ ನೂರು ಸಲ ಕೈ ಹಾಕುವ ಡಬ್ಬಿಯ ಪಕ್ಕ ಇದನ್ನಿಡುವುದು ಯಾವ ನ್ಯಾಯ? ವಾರ್ಡಿನ ದಾಸ್ತಾನಿನಿಂದ ಸಂಪೂರ್ಣ ತೆಗೆದೆವು. ಐಸಿಯುನಲ್ಲಿ ಮಾತ್ರ, ಬೀಗದ ಡಬ್ಬಿಯಲ್ಲಿ, ಎಣಿಸಿ ಹತ್ತು.

ಮೊದಲ ತಿಂಗಳು ಇದು ಪೂರ್ತಿ ಮಕಾಡೆ ಮಲಗಿತು. ಆಂಪೂಲ್‌ಗಳು ಏಪ್ರನ್ ಜೇಬಿಗೆ, ಇಸಿಜಿ ಯಂತ್ರದ ಡ್ರಾಯರಿಗೆ, ಇನ್‌ಚಾರ್ಜ್ ಸಿಸ್ಟರ್ ಮೇಜಿನ ಕೆಳಗೆ ಸೇರಿದವು. ಕಾರಣ ಹಟವಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ತೀರ ಕಡಿಮೆ, 2.6 ಬಂದ ರೋಗಿಗೆ ಫಾರ್ಮಸಿಯಿಂದ ಡ್ರಿಪ್ ಬರಲು ಎರಡು ಗಂಟೆ ಆಗುತ್ತಿತ್ತು, ಅಷ್ಟು ಹೊತ್ತು ಕಾಯಲು ಯಾರಿಗೆ ಧೈರ್ಯ ಬರುತ್ತದೆ? ಹಾಗಾಗಿ ಮೊದಲು ಕಸಿದುಕೊಳ್ಳಬಾರದು, ಮೊದಲು ಬದಲಿ ಕೊಡಬೇಕು. 500 ಮಿ.ಲೀ. ಸಲೈನಿನಲ್ಲಿ 20 ಎಂ.ಇ.ಕ್ಯು. ಬೆರೆಸಿದ ಬಾಟಲಿ ಫಾರ್ಮಸಿಯಲ್ಲೇ ತಯಾರಾಗಿ, ಹಳದಿ ಪಟ್ಟಿ ಹಚ್ಚಿಕೊಂಡು, ಎರಡು ಸದಾ ವಾರ್ಡಿನಲ್ಲಿರುತ್ತವೆ. ಒಂದು ಬಳಸಿದರೆ ಒಂದು ಬರುತ್ತದೆ. ಆ ದಿನ ಬಳಸದ್ದು ಮರುದಿನ ಬೆಳಿಗ್ಗೆ ಕಸಕ್ಕೆ. ಈ ಎಸೆತದ ಬಗ್ಗೆ ಲೆಕ್ಕಪತ್ರದವರು ತಕರಾರು ತೆಗೆದರು. ತಿಂಗಳಿಗೆ ಹತ್ತು ಹದಿನೈದು ಬಾಟಲಿ ಎಸೆದಿರಬಹುದು, ಒಂದು ರಾತ್ರಿಯ ಐಸಿಯು ಖರ್ಚಿಗೂ ಅದು ಸಮವಲ್ಲ. ಎಲ್ಲಿ ಕಾರ್ಖಾನೆಯಲ್ಲೇ ಬೆರೆಸಿದ ಚೀಲ ಸಿಗುತ್ತದೋ ಅಲ್ಲಿ ಅದನ್ನೇ ಕೊಳ್ಳಿ, ಈ ತಲೆನೋವೇ ಇಲ್ಲ.

ಬೆರೆಸುವಲ್ಲಿ ಒಂದು ಮರ್ಮ ಇದೆ, ಗೊತ್ತಿದ್ದವರೂ ಅವಸರದಲ್ಲಿ ಮರೆಯುತ್ತಾರೆ. ಕೆಸಿಎಲ್ ದ್ರಾವಣ ಸಲೈನಿಗಿಂತ ಭಾರ. ತೂಗುಹಾಕಿದ ಬಾಟಲಿಗೆ ಕೆಳಗಿನಿಂದ ಚುಚ್ಚಿದರೆ ಅದು ಬಾಯಲ್ಲೇ ಕುಳಿತುಕೊಳ್ಳುತ್ತದೆ, ಮೊದಲ ಕೆಲವೇ ನಿಮಿಷದಲ್ಲಿ ಹೆಚ್ಚಿನ ಪಾಲು ರೋಗಿಯೊಳಗೆ. ಬಾಟಲಿ ಇಳಿಸಿ, ಚುಚ್ಚಿ, ಕನಿಷ್ಠ ಹತ್ತು ಸಲ ತಲೆಕೆಳಗು ಮಾಡಿ, ಆಮೇಲೆ ಸೆಟ್ ಹಾಕಬೇಕು. ಓಡುತ್ತಿರುವ ಡ್ರಿಪ್‌ಗೆ ಎಂದೂ ಸೇರಿಸಬಾರದು. ಕೈಯ ನರದಲ್ಲಿ ಗಂಟೆಗೆ 10 ಎಂ.ಇ.ಕ್ಯು. ಮೀರಬಾರದು, ಮೀರಬೇಕಾದರೆ ಮಾನಿಟರ್ ಇರುವಲ್ಲಿಗೆ ರೋಗಿ ಹೋಗಬೇಕು. 'ಕೆಸಿಎಲ್ ಒಂದು ಆಂಪೂಲ್ ಡ್ರಿಪ್‌ನಲ್ಲಿ' ಎಂಬ ಆರ್ಡರನ್ನು ಫಾರ್ಮಸಿ ತೆಗೆದುಕೊಳ್ಳುವುದೇ ಇಲ್ಲ. ಎಷ್ಟು ಎಂ.ಇ.ಕ್ಯು., ಎಷ್ಟು ದ್ರವದಲ್ಲಿ, ಎಷ್ಟು ಗಂಟೆಯಲ್ಲಿ, ಮೂರೂ ಇರಬೇಕು. ಹಿರಿಯ ವೈದ್ಯರನ್ನು ಈ ಮೂರು ಬರೆಯುವಂತೆ ಒಪ್ಪಿಸಿದ್ದು ಹೇಗೆ ಎಂಬುದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಬರೆದರೆ ಮುಂದಿನ ಸಲ ಅದು ನಡೆಯುವುದಿಲ್ಲ.

ಇನ್ಸುಲಿನ್ ಕಥೆ ದೊಡ್ಡದು. ಮಿ.ಲೀ.ಗೆ 40 ಯೂನಿಟ್‌ನ ವಯಲ್ (ಔಷಧಿಯ ಪುಟ್ಟ ಬಾಟಲಿ), ಮಿ.ಲೀ.ಗೆ 100 ಯೂನಿಟ್‌ನ ವಯಲ್ ಎರಡೂ ಒಂದೇ ಫ್ರಿಜ್‌ನಲ್ಲಿದ್ದರೆ ತಪ್ಪು ಕಾಯುತ್ತಾ ಕುಳಿತಿದೆ ಎಂದೇ ಅರ್ಥ. 40ರ ಸಿರಿಂಜಿಗೆ ಕೆಂಪು ಟೋಪಿ, 100ರದಕ್ಕೆ ಕಿತ್ತಳೆ, ಸಂಜೆಯ ಬೆಳಕಿನಲ್ಲಿ ಎರಡೂ ಒಂದೇ. 100ರ ವಯಲಿನಿಂದ 40ರ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಹೋಗುವುದು 25 ಯೂನಿಟ್. ಇದು ಎಲ್ಲರಿಗೂ ಗೊತ್ತಿರುವ ತಪ್ಪು. ಉಲ್ಟಾ ತಪ್ಪು ಇನ್ನೂ ಕಳ್ಳ. 40ರ ವಯಲ್, 100ರ ಸಿರಿಂಜ್: 10 ಅಂತ ಕೊಟ್ಟರೆ ಹೋಗುವುದು 4. ಸಕ್ಕರೆ ಇಳಿಯುವುದಿಲ್ಲ, ಡಾಕ್ಟರ್ ಡೋಸ್ ಏರಿಸುತ್ತಾರೆ, 16, 20, 24. ಮೂರನೆಯ ದಿನ ಯಾರೋ ಸರಿಯಾದ ಸಿರಿಂಜ್ ತೆಗೆಯುತ್ತಾರೆ, ರಾತ್ರಿ ಮೂರಕ್ಕೆ ಸಕ್ಕರೆ 38. ಆಗ ಬೈಸಿಕೊಳ್ಳುವುದು ಸರಿಯಾಗಿ ಕೆಲಸ ಮಾಡಿದವರು.

ಪರಿಹಾರ: ಇಡೀ ವಾರ್ಡಿನಲ್ಲಿ ಒಂದೇ ಶಕ್ತಿಯ ವಯಲ್, ಒಂದೇ ಬಗೆಯ ಸಿರಿಂಜ್. ಇನ್ನೊಂದು ಜಾತಿ ಫಾರ್ಮಸಿಯಿಂದ ಮೇಲೆ ಬರುವ ಹಾಗೇ ಇಲ್ಲ. ರೋಗಿ ಮನೆಯಿಂದ ತಂದ ವಯಲನ್ನು ವಾರ್ಡಿನಲ್ಲಿ ಬಳಸುವುದಿಲ್ಲ, ಚೀಟಿ ಕಟ್ಟಿ ಮನೆಯವರ ಕೈಗೆ. ಉಳಿದ ಹಳೆಯ ದಾಸ್ತಾನು ಖಾಲಿಯಾಗಲಿ ಎಂದು ಎರಡು ತಿಂಗಳು ಕಾಯೋಣ ಎಂದವರಿದ್ದರು. ಆ ಎರಡು ತಿಂಗಳೇ ಅತ್ಯಂತ ಅಪಾಯದ ಕಾಲ, ಒಂದೇ ದಿನದಲ್ಲಿ ಬದಲಿಸಬೇಕು. ಹಳೆಯದನ್ನು ಹಿಂತಿರುಗಿಸಿದಾಗ ಸ್ವಲ್ಪ ದುಡ್ಡು ಕೈಬಿಟ್ಟಿತು, ಬಿಡಲಿ.

ಡ್ರಿಪ್‌ಗೆ 50 ಮಿ.ಲೀ. ಸಿರಿಂಜಿನಲ್ಲಿ 50 ಯೂನಿಟ್ ರೆಗ್ಯುಲರ್ ಇನ್ಸುಲಿನ್, ಒಂದು ಮಿ.ಲೀ.ಗೆ ಒಂದು ಯೂನಿಟ್, ಬೇರೆ ಲೆಕ್ಕ ಇಲ್ಲವೇ ಇಲ್ಲ. 40ರ ವಯಲಿನಿಂದಾದರೆ 1.25 ಮಿ.ಲೀ., 100ರದರಿಂದಾದರೆ 0.5 ಮಿ.ಲೀ. ಗೋಡೆಯ ಮೇಲೆ ಈ ಎರಡೂ ಅಂಕಿ ಬರೆದು ಹಾಕಿದ್ದೇ ಮೊದಲು ಮಾಡಿದ ದಡ್ಡತನ, ಎರಡನ್ನೂ ನೋಡಿದವರು ಯಾವುದನ್ನಾದರೂ ಆರಿಸಿಕೊಳ್ಳುತ್ತಾರೆ. ಈಗ ಗೋಡೆಯಲ್ಲಿ ಒಂದೇ ಅಂಕಿ. ಎಳೆಯುವುದು ಇನ್ಸುಲಿನ್ ಸಿರಿಂಜಿನಲ್ಲೇ, 2 ಮಿ.ಲೀ. ಸಿರಿಂಜಿನಲ್ಲಿ ಅಲ್ಲ. ಇನ್ಸುಲಿನ್ ಟ್ಯೂಬಿನ ಒಳಗೋಡೆಗೆ ಅಂಟುತ್ತದೆ, ಹಾಗಾಗಿ ಹೊಸ ಲೈನಿನಲ್ಲಿ ಮೊದಲು ಸ್ವಲ್ಪ ಹರಿಯಬಿಟ್ಟು ಚೆಲ್ಲದಿದ್ದರೆ ಮೊದಲ ಗಂಟೆ ಸಕ್ಕರೆ ಇಳಿಯಲಿಲ್ಲ ಎಂದು ಯಾರಾದರೂ ವೇಗ ಏರಿಸುತ್ತಾರೆ. ವಯಲ್ ತೆರೆದ ದಿನಾಂಕ ಬರೆಯಬೇಕು, 28 ದಿನ ಕಳೆದರೆ ಕಸಕ್ಕೆ.

ಆರ್ಡರ್ ಬರೆಯುವಲ್ಲಿ ಯೂನಿಟ್ ಪದವನ್ನು ಒಂದಕ್ಷರಕ್ಕೆ ಇಳಿಸಿದರೆ ಆ ಇಂಗ್ಲಿಷ್ 'ಯು' ಸೊನ್ನೆಯಾಗಿ ಕಾಣುತ್ತದೆ, 6 ಹೋಗಿ 60 ಆಗುತ್ತದೆ. ಮೈಕ್ರೋಗ್ರಾಂನ ಗ್ರೀಕ್ ಅಕ್ಷರ ಅವಸರದ ಕೈಬರಹದಲ್ಲಿ ಮಿಲಿಗ್ರಾಂ ಆಗುತ್ತದೆ, ಸಾವಿರ ಪಟ್ಟು. 1 ಎಂದು ಬರೆಯಬೇಕಾದಲ್ಲಿ 1.0 ಬರೆದರೆ ಚುಕ್ಕೆ ಕಾಣದೆ 10, 0.5 ಬರೆಯಬೇಕಾದಲ್ಲಿ ಬರೀ ಚುಕ್ಕೆ ಐದು ಬರೆದರೆ 5. ಇವೆಲ್ಲ ಹಳೆಯ ಪಾಠ, ಪಟ್ಟಿ ಎಲ್ಲ ಆಸ್ಪತ್ರೆಯ ಗೋಡೆಯಲ್ಲೂ ತೂಗುತ್ತದೆ. ಪಟ್ಟಿಯಿಂದ ಏನೂ ಆಗಲಿಲ್ಲ. ಡ್ರಗ್ ಚಾರ್ಟನ್ನೇ ಮರುಮುದ್ರಿಸಿ, ಇನ್ಸುಲಿನ್ ಚೌಕದಲ್ಲಿ 'ಯೂನಿಟ್' ಎಂಬುದನ್ನು ಮೊದಲೇ ಅಚ್ಚು ಹಾಕಿಸಿದಾಗ ಬರೆಯುವ ಅಗತ್ಯವೇ ತಪ್ಪಿತು. ಅಚ್ಚಿನ ಖರ್ಚು ಮಾಮೂಲಿ ಚಾರ್ಟಿನಷ್ಟೇ.

ಹೆಪಾರಿನ್‌ನಲ್ಲಿ ಒಂದು ಮಿ.ಲೀ.ಗೆ 1000 ಮತ್ತು 5000 ಯೂನಿಟ್, ಎರಡೂ 5 ಮಿ.ಲೀ. ವಯಲ್. ಒಂದನ್ನು ಮಾತ್ರ ಉಳಿಸಿಕೊಂಡೆವು. ಕ್ಯಾನುಲಾ (ನರದಲ್ಲಿ ಕೂರಿಸಿದ ಸಣ್ಣ ಕೊಳವೆ) ತೊಳೆಯಲು ಹೆಪಾರಿನ್ ಬೇಕೇ ಬೇಕು ಎಂಬ ನಂಬಿಕೆ ಗಟ್ಟಿಯಾಗಿತ್ತು. ಕೈಯ ಕ್ಯಾನುಲಾಗೆ ಬರೀ ಸಲೈನ್ ಸಾಕು. ಅಲ್ಲಿಗೆ ವಯಲ್ ಮುಟ್ಟುವ ಪ್ರಸಂಗಗಳೇ ಹತ್ತರಲ್ಲಿ ಒಂಬತ್ತು ಹೋದವು, ದುಡ್ಡೂ ಉಳಿಯಿತು. ಇಡೀ ಪ್ರಯತ್ನದಲ್ಲಿ ಲೆಕ್ಕಪತ್ರದವರು ನಕ್ಕದ್ದು ಇಲ್ಲೊಂದೇ ಕಡೆ.

ಖರೀದಿ ವಿಭಾಗ ತರುವ ಅಪಾಯ ಬೇರೆ. ರಕ್ತದೊತ್ತಡ ಏರಿಸುವ ನಾರ್ ಅಡ್ರಿನಾಲಿನ್ ಆಂಪೂಲಿನ ಮೇಲೆ ಒಬ್ಬ ತಯಾರಕ ಲವಣದ ತೂಕ ಬರೆಯುತ್ತಾನೆ, ಇನ್ನೊಬ್ಬ ಮೂಲ ಔಷಧಿಯದು. ಬೈಟಾರ್ಟ್ರೇಟ್ ಲವಣ 2 ಮಿ.ಗ್ರಾಂ ಅಂದರೆ ಮೂಲ ಔಷಧಿ ಸುಮಾರು 1 ಮಿ.ಗ್ರಾಂ. ಅಗ್ಗಕ್ಕೆ ಸಿಕ್ಕಿತೆಂದು ಸರಬರಾಜು ಬದಲಾದ ವಾರ, ಯಾರೂ ಏನೂ ಮಾಡದೆ ಡೋಸ್ ಅರ್ಧವಾಗುತ್ತದೆ ಅಥವಾ ಇಮ್ಮಡಿಯಾಗುತ್ತದೆ. ಹಾಗಾಗಿ ಈಗ ಹೊಸ ತಯಾರಕರ ಪೆಟ್ಟಿಗೆ ಬಂದ ದಿನ ಖಾಲಿ ಡಬ್ಬಿಯೊಂದನ್ನು ಹ್ಯಾಂಡೋವರ್ (ಶಿಫ್ಟ್ ಬದಲಾಗುವಾಗ ಕೆಲಸ ಒಪ್ಪಿಸುವ) ಬೋರ್ಡಿಗೆ ಕಟ್ಟುತ್ತೇವೆ, ಒಂದು ವಾರ ಅಲ್ಲೇ ತೂಗುತ್ತದೆ. ನೋಡಲು ವಿಕಾರ, ಅದಕ್ಕೇ ಎಲ್ಲರೂ ನೋಡುತ್ತಾರೆ. ಒಂದರಂತೆ ಒಂದು ಕಾಣುವ ಎರಡು ಔಷಧಿಗಳಿದ್ದರೆ ಒಂದನ್ನು ಬೇರೆ ತಯಾರಕರಿಂದ ಕೊಳ್ಳಬೇಕು, ಸ್ವಲ್ಪ ದುಬಾರಿಯಾದರೂ. ಟೆಂಡರಿನವರು ಒಪ್ಪದಿದ್ದರೆ ಎರಡೂ ಆಂಪೂಲನ್ನು ಲೇಬಲ್ ಹಿಂದೆ ತಿರುಗಿಸಿ ಅವರ ಮೇಜಿನ ಮೇಲಿಟ್ಟು, ಯಾವುದು ಯಾವುದು ಹೇಳಿ ಎಂದು ಕೇಳಿ.

ಇಬ್ಬರ ತಪಾಸಣೆಗೆ ಮತ್ತೆ ಬರುತ್ತೇನೆ. ಎಲ್ಲಕ್ಕೂ ಬೇಡ ಎಂದೆ, ಐದಕ್ಕೆ ಮಾತ್ರ ಉಳಿಸಿದೆವು: ಇನ್ಸುಲಿನ್ ಡ್ರಿಪ್, ಹೆಪಾರಿನ್ ಡ್ರಿಪ್, ಮಾರ್ಫಿನ್ ಜಾತಿಯವು, ಐಸಿಯು ಕೆಸಿಎಲ್, ಕ್ಯಾನ್ಸರಿನ ಕೀಮೋ. ಆದರೆ ಮಾಡುವ ಕ್ರಮ ಬೇರೆ. 'ಸಿಸ್ಟರ್, ಆರು ಯೂನಿಟ್ ತೆಗೆದಿದ್ದೀನಿ, ಸರಿ ಅಲ್ವಾ?' ಎಂದು ಕೇಳಿದ ಕ್ಷಣ ತಪಾಸಣೆ ಸತ್ತಿತು. ಎದುರಿಗಿರುವವರು ಸಿರಿಂಜಿನಲ್ಲಿ ಆರನ್ನೇ ಕಾಣುತ್ತಾರೆ. ಎರಡನೆಯವರು ಚಾರ್ಟನ್ನು ತಾವೇ ತೆರೆಯಬೇಕು, ತಮ್ಮ ಚೀಟಿಯಲ್ಲಿ ತಾವೇ ಲೆಕ್ಕ ಹಾಕಬೇಕು, ಮೊದಲನೆಯವರ ಉತ್ತರ ಅಲ್ಲಿಯವರೆಗೆ ಬಾಯಿಂದ ಹೊರಬರಬಾರದು. ಆಮೇಲೆ ಎರಡು ಚೀಟಿ ಪಕ್ಕಪಕ್ಕ. ಒಂದಕ್ಕೆ ಎರಡರಿಂದ ಮೂರು ನಿಮಿಷ ಹಿಡಿಯುತ್ತದೆ, ಶಿಫ್ಟಿಗೆ ಹತ್ತು ಹನ್ನೆರಡು ಸಲ. ಅಷ್ಟನ್ನು ಜನ ಮಾಡುತ್ತಾರೆ. ಎರಡನೆಯವರು ಸಿಗದ ರಾತ್ರಿ ಸಿರಿಂಜನ್ನು ಟ್ರೇನಲ್ಲಿಟ್ಟು, ಬೇರೊಂದು ಕೆಲಸ ಮುಗಿಸಿ, ಹಿಂತಿರುಗಿ ಹೊಸ ಚೀಟಿಯಲ್ಲಿ ಮೊದಲಿನಿಂದ ಲೆಕ್ಕ ಹಾಕುವುದು. ಇಬ್ಬರಷ್ಟು ಒಳ್ಳೆಯದಲ್ಲ, ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು.

ಸಿರಿಂಜ್ ಲೇಬಲ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಅಂಟಿಸುವ ಸಮಯದ ಬಗ್ಗೆ ಯಾರೂ ಮಾತಾಡುವುದಿಲ್ಲ. ಖಾಲಿ ಸಿರಿಂಜಿಗೆ ಮೊದಲೇ ಲೇಬಲ್ ಅಂಟಿಸಿ ಸಾಲಾಗಿಟ್ಟುಕೊಳ್ಳುವುದು ಸುಲಭ, ಆದರೆ ತಪ್ಪು ಸಿರಿಂಜಿಗೆ ಔಷಧಿ ತುಂಬುವುದು ಅಷ್ಟೇ ಸುಲಭ. ತುಂಬಿದ ಸಿರಿಂಜನ್ನು ಲೇಬಲಿಲ್ಲದೆ ಕೆಳಗಿಡುವುದು ಇನ್ನೊಂದು ತಪ್ಪು. ಎಳೆಯುವುದು, ಅಂಟಿಸುವುದು, ಕೆಳಗಿಡುವುದು, ಈ ಮೂರೂ ಒಂದೇ ಉಸಿರಿನಲ್ಲಿ, ಒಬ್ಬರಿಂದಲೇ, ಒಂದು ಸಲಕ್ಕೆ ಒಂದೇ ಸಿರಿಂಜ್. ಲೇಬಲ್ ಗೆರೆಗಳನ್ನು ಮುಚ್ಚದಂತೆ ಉದ್ದಕ್ಕೆ ಅಂಟಿಸಿ. ಔಷಧಿಯ ಹೆಸರು, ಮಿ.ಲೀ.ಗೆ ಎಷ್ಟು, ಗಂಟೆ, ಸಹಿ. ಲೈನ್ ತೊಳೆಯಲು ಸಲೈನ್ ತುಂಬಿದ ಫ್ಲಶ್ ಸಿರಿಂಜಿಗೂ ಲೇಬಲ್ ಬೇಕು. ಲೇಬಲಿಲ್ಲದ್ದೆಲ್ಲ ಸಲೈನ್ ಎಂಬ ಅಲಿಖಿತ ನಂಬಿಕೆಯೇ ಒಂದು ದಿನ ಸ್ನಾಯು ಸಡಿಲಿಸಿ ಉಸಿರನ್ನೇ ನಿಲ್ಲಿಸುವ ಸಕ್ಸಿನೈಲ್‌ಕೋಲಿನನ್ನು ಸಲೈನ್ ಮಾಡುತ್ತದೆ.

ಅರಿವಳಿಕೆಯವರ ಬಣ್ಣದ ಲೇಬಲ್‌ಗೆ ಐಎಸ್‌ಒ 26825 ಎಂಬ ಮಾನದಂಡ ಇದೆ: ಸ್ನಾಯು ಸಡಿಲಿಸುವವಕ್ಕೆ ಕೆಂಪು, ಮಾರ್ಫಿನ್ ಜಾತಿಗೆ ನೀಲಿ, ರಕ್ತದೊತ್ತಡ ಏರಿಸುವವಕ್ಕೆ ನೇರಳೆ, ಆ ಜಾಗವನ್ನಷ್ಟೇ ಮರಗಟ್ಟಿಸುವ ಲೋಕಲ್‌ಗೆ ಬೂದು. ಇದನ್ನೇ ವಾರ್ಡಿಗೂ ತಂದು ನೋಡಿದೆವು. ಬಣ್ಣ ವರ್ಗವನ್ನು ಹೇಳುತ್ತದೆ, ಔಷಧಿಯನ್ನಲ್ಲ. ಮಾರ್ಫಿನ್, ಫೆಂಟನಿಲ್ ಎರಡೂ ನೀಲಿ. ನೀಲಿ ನೋಡಿ ಓದುವುದನ್ನೇ ಬಿಟ್ಟ ಎರಡು ಪ್ರಸಂಗ ನಮ್ಮ 'ಸ್ವಲ್ಪದರಲ್ಲಿ ತಪ್ಪಿತು' ಪುಸ್ತಕಕ್ಕೆ (ಅದರ ಕಥೆ ಮುಂದೆ) ಬಂದ ಮೇಲೆ ವಾರ್ಡಿನಲ್ಲಿ ಬಿಳಿ ಲೇಬಲ್, ದಪ್ಪ ಕಪ್ಪು ಅಕ್ಷರ ಅಷ್ಟೇ. ಆಪರೇಷನ್ ಥಿಯೇಟರಿನಲ್ಲಿ ಬಣ್ಣ ಇರಲಿ, ಅಲ್ಲಿ ಒಬ್ಬರೇ ತುಂಬಿ ಒಬ್ಬರೇ ಕೊಡುತ್ತಾರೆ. ಹೆಸರುಗಳನ್ನು ಬೇರ್ಪಡಿಸಲು ಇಂಗ್ಲಿಷಿನಲ್ಲಿ ನಡುವಿನ ಅಕ್ಷರಗಳನ್ನು ದೊಡ್ಡದು ಮಾಡುವ ಪದ್ಧತಿ ಇದೆಯಲ್ಲ, ಅದನ್ನು ಕನ್ನಡ ಲೇಬಲಿನಲ್ಲಿ ಮಾಡಲು ಹೋದದ್ದು ಒಂದು ಅಡ್ಡ ಪ್ರಯೋಗ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಇಲ್ಲ. ಡೋಪಮಿನ್, ಡೊಬ್ಯುಟಮಿನ್ ಎರಡರಲ್ಲೂ ಬೇರೆಯಾಗುವ ಭಾಗವನ್ನು ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರದಲ್ಲಿ ಹಾಕಿಸಿದೆವು. ಚೆನ್ನಾಗಿ ಕಂಡಿತು, ಉಪಯೋಗವಾಯಿತೋ ಇಲ್ಲವೋ ಹೇಳುವಷ್ಟು ಲೆಕ್ಕ ಇಲ್ಲ. ಲೇಬಲಿಗಿಂತ ಹೆಚ್ಚು ಕೆಲಸ ಮಾಡಿದ್ದು ಔಷಧಿ ತಯಾರಿಸುವ ಕಟ್ಟೆಯ ಮೇಲೆ ಹಾಕಿದ ಒಂದು ಪ್ರಖರ ದೀಪ ಮತ್ತು ಸರಪಳಿಗೆ ಕಟ್ಟಿದ ಭೂತಗನ್ನಡಿ. ಸರಪಳಿ ಇಲ್ಲದ ಮೊದಲ ಭೂತಗನ್ನಡಿ ಮೂರು ದಿನ ಬಾಳಿತು. ಟ್ರಾಲಿಯ ಟ್ರೇಗಳನ್ನು ಯಾವ ಕ್ರಮದಲ್ಲಿ ಜೋಡಿಸುತ್ತೇವೆ ಎಂಬುದನ್ನೂ ಹೇಳುವುದಿಲ್ಲ, ಅದು ಆಯಾ ವಾರ್ಡಿನವರು ಗುದ್ದಾಡಿಯೇ ಕಂಡುಕೊಳ್ಳಬೇಕು.

ಸಿರಿಂಜನ್ನು ಹಿಡಿದು ನಿಧಾನವಾಗಿ ಒತ್ತುವ ಸಿರಿಂಜ್ ಪಂಪಿನಲ್ಲಿ ಮೂರು ತಪ್ಪು. ಪರದೆಯಲ್ಲಿ ಒಂದು ಕಂಪನಿಯ ಸಿರಿಂಜ್ ಆರಿಸಿ ಇನ್ನೊಂದು ಕಂಪನಿಯದನ್ನು ಕೂರಿಸುವುದು: ಒಳವ್ಯಾಸ ಬೇರೆ, ಪಂಪ್ ತೋರಿಸುವ ವೇಗ ಸುಳ್ಳು. ಪಂಪನ್ನು ರೋಗಿಗಿಂತ ತುಂಬ ಮೇಲೆ ತೂಗುಹಾಕುವುದು: ಸಿರಿಂಜಿನ ಹಿಡಿ ಸರಿಯಾಗಿ ಕಚ್ಚದಿದ್ದರೆ ಔಷಧಿ ತಾನೇ ಹರಿದುಹೋಗುತ್ತದೆ. ಲೈನಿನ ಕ್ಲ್ಯಾಂಪ್ ಹಾಕದೆ ಸಿರಿಂಜ್ ಬದಲಿಸುವುದು. ಮೂರಕ್ಕೂ ಬೋಧನೆ ಬೇಕಾಗಲಿಲ್ಲ. 50 ಮಿ.ಲೀ. ಸಿರಿಂಜ್ ಒಂದೇ ಕಂಪನಿಯದು ಕೊಂಡು ಉಳಿದವನ್ನು ಪಂಪಿನ ಪಟ್ಟಿಯಿಂದ ಅಳಿಸಿಹಾಕಿದೆವು, ಕಂಬಗಳಲ್ಲಿ ಹಾಸಿಗೆಯ ಮಟ್ಟಕ್ಕೆ ಕೆಂಪು ಟೇಪ್ ಸುತ್ತಿದೆವು. ಕ್ಲ್ಯಾಂಪ್ ಮಾತ್ರ ಇನ್ನೂ ಕೈ ಅಭ್ಯಾಸದ ಮೇಲೇ ನಿಂತಿದೆ.

ಫೋನ್ ಆರ್ಡರ್ ತುರ್ತಿಗೆ ಮಾತ್ರ. ಕೇಳಿದ್ದನ್ನು ಮೊದಲು ಬರೆದು, ಬರೆದದ್ದನ್ನು ಓದಿ ಹೇಳಬೇಕು, ನೆನಪಿನಿಂದ ಹೇಳುವುದಲ್ಲ. ಫಿಫ್ಟೀನ್, ಫಿಫ್ಟಿ ಫೋನಿನಲ್ಲಿ ಒಂದೇ ಕೇಳುತ್ತದೆ. ಒನ್ ಫೈವ್, ಫೈವ್ ಜೀರೋ ಎಂದು ಬಿಡಿಸಿ ಹೇಳುವುದು ಪದ್ಧತಿ, ಅದರ ಮೇಲೆ ನಾವು 'ಹದಿನೈದು' ಎಂದೂ ಸೇರಿಸುತ್ತೇವೆ. ಹದಿನೈದನ್ನು ಐವತ್ತು ಎಂದು ಕೇಳಿಸಿಕೊಂಡವರನ್ನು ಇನ್ನೂ ಕಂಡಿಲ್ಲ.

ಮಕ್ಕಳ ವಿಷಯದಲ್ಲಿ ಒಂದೇ ಮಾತು. ನರಕ್ಕೆ ಕೊಡುವ ಪ್ಯಾರಸಿಟಮಾಲ್ ಮಿ.ಲೀ.ಗೆ 10 ಮಿ.ಗ್ರಾಂ. ಮಗುವಿಗೆ ಬರೆದ 75 ಮಿ.ಗ್ರಾಂ ಅಂದರೆ 7.5 ಮಿ.ಲೀ., ಅದನ್ನು 75 ಮಿ.ಲೀ. ಎಂದು ಹಾಕಿದರೆ ಹತ್ತು ಪಟ್ಟು. 100 ಮಿ.ಲೀ. ಬಾಟಲಿಯನ್ನು ಮಗುವಿನ ಹಾಸಿಗೆಗೆ ತೂಗುಹಾಕುವುದನ್ನೇ ನಿಲ್ಲಿಸಿ, ಬೇಕಾದಷ್ಟನ್ನು ಮಾತ್ರ ಸಿರಿಂಜಿಗೆ ಎಳೆದುಕೊಂಡು ಹೋಗಬೇಕು. ಚಾರ್ಟಿನಲ್ಲಿ ತೂಕ ಕೆ.ಜಿ.ಯಲ್ಲಿ ಇಲ್ಲದಿದ್ದರೆ ಔಷಧಿ ಇಲ್ಲ.

ಇನ್ನು ಅದೇ 'ಸ್ವಲ್ಪದರಲ್ಲಿ ತಪ್ಪಿತು' ಪುಸ್ತಕ, ಆಗಿಬಿಡುವ ಮುಂಚೆ ಸಿಕ್ಕಿಬಿದ್ದ ತಪ್ಪುಗಳನ್ನು ಬರೆದಿಡುವುದು. ಇದನ್ನೇ ಎಲ್ಲರಿಗಿಂತ ಹೆಚ್ಚು ಗೇಲಿ ಮಾಡಿದರು, ಯಾರು ತಮ್ಮ ತಪ್ಪನ್ನು ತಾವೇ ಬರೆಯುತ್ತಾರೆ ಎಂದು. 200 ಪುಟದ ಮಾಮೂಲಿ ನೋಟ್‌ಬುಕ್, ಔಷಧಿ ಕಟ್ಟೆಯ ಪಕ್ಕ ಪೆನ್ನಿನ ಜೊತೆ. ನಾಲ್ಕೇ ಅಂಕಣ: ಗಂಟೆ, ಔಷಧಿ, ಏನಾಗುತ್ತಿತ್ತು, ಯಾವುದು ತಡೆಯಿತು. ಹೆಸರಿಲ್ಲ, ಹಾಸಿಗೆ ನಂಬರ್ ಇಲ್ಲ, ತಾರೀಖೂ ಇಲ್ಲ. ತಾರೀಖು ಇದ್ದರೆ ಡ್ಯೂಟಿ ಪಟ್ಟಿ ತೆಗೆದು ಹೆಸರು ಹುಡುಕುವವರು ಇದ್ದೇ ಇರುತ್ತಾರೆ, ಮೊದಲ ಪುಸ್ತಕ ಕೆಟ್ಟದ್ದು ಅದರಿಂದಲೇ. ಅದನ್ನು ಹರಿದು ಹಾಕಿ ಎಲ್ಲರೆದುರು ಎರಡನೆಯದನ್ನು ಇಟ್ಟೆವು. ಮೊದಲ ತಿಂಗಳು ನಾಲ್ಕೋ ಐದೋ, ಆರು ತಿಂಗಳಿಗೆ ನಲವತ್ತರ ಹತ್ತಿರ. ಆಡಳಿತದವರು ತಪ್ಪು ಹತ್ತು ಪಟ್ಟಾಯಿತು ಎಂದು ಗಾಬರಿಯಾದರು. ಡೆಕ್ಸ್‌ಟ್ರೋಸ್ ಇಂಡೆಂಟ್ ಪುಸ್ತಕ ಅಲ್ಲಿ ಕೈಹಿಡಿಯಿತು: ಇದು ಏರುತ್ತಿದೆ, ಅದು ಇಳಿಯುತ್ತಿದೆ, ನೋಡಿ ಎಂದೆವು.

ನಾಲ್ಕರಲ್ಲಿ ಕೊನೆಯ ಅಂಕಣವೇ ಚಿನ್ನ. 'ರೋಗಿಯೇ ಕೇಳಿದರು, ಈ ಮಾತ್ರೆ ನಿನ್ನೆ ಬಿಳಿ ಇತ್ತಲ್ಲಾ ಅಂತ' ಎಂಬ ಸಾಲು ಎಷ್ಟು ಸಲ ಬಂದಿತೆಂದರೆ, ರೋಗಿ ಪ್ರಶ್ನೆ ಕೇಳಿದರೆ ಮಾತ್ರೆಯನ್ನು ಬಟ್ಟಲಿಗೆ ವಾಪಸ್ ಹಾಕಿ ಚಾರ್ಟ್ ನೋಡಲೇಬೇಕು ಎಂಬ ಕಟ್ಟಳೆ ಅಲ್ಲಿಂದಲೇ ಹುಟ್ಟಿತು. ಗುರುತು ಕೇಳುವಾಗಲೂ 'ನೀವು ಇಂಥವರಲ್ವಾ?' ಎನ್ನಬಾರದು, ಕಿವಿ ಮಂದವಾದವರು ಎಲ್ಲದಕ್ಕೂ ಹೂಂ ಅನ್ನುತ್ತಾರೆ. 'ನಿಮ್ಮ ಹೆಸರು ಹೇಳಿ' ಎಂದು ಕೇಳಿ, ಕೈಪಟ್ಟಿಯ ನಂಬರ್ ನೋಡಬೇಕು. ಹಾಸಿಗೆ ನಂಬರ್ ಗುರುತಲ್ಲ, ಫ್ಯಾನ್ ಕೆಳಗೆ ಜಾಗ ಖಾಲಿಯಾದರೆ ರೋಗಿ ಅಲ್ಲಿಗೆ ಹೋಗಿ ಮಲಗಿರುತ್ತಾನೆ.

ಪುಸ್ತಕ ಓದುವುದು ವಾರಕ್ಕೊಮ್ಮೆ, 15 ನಿಮಿಷ, ಹ್ಯಾಂಡೋವರ್ ಹೊತ್ತಿನಲ್ಲಿ ನಿಂತುಕೊಂಡೇ. ಒಂದು ವಾರಕ್ಕೆ ಒಂದೇ ಬದಲಾವಣೆ, ಅದೂ ವಸ್ತುವಿನದು: ಒಂದು ಡಬ್ಬಿ ಸರಿಸುವುದು, ಒಂದು ಬೀಗ, ಒಂದು ಅಚ್ಚು. 'ಇನ್ನು ಮೇಲೆ ಹುಷಾರಾಗಿರೋಣ' ಎಂಬ ತೀರ್ಮಾನ ಬಂದರೆ ಚರ್ಚೆ ಮುಗಿದಿಲ್ಲ ಎಂದು ಲೆಕ್ಕ.

ಸದ್ಯ ಕೈಯಲ್ಲಿರುವುದು ಡಿಸ್ಚಾರ್ಜ್ ಚೀಟಿ. ಕೀಲುನೋವಿಗೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯ ಮಾತ್ರೆ, ದಿನಾ ನುಂಗಿದರೆ ಮೂಳೆಯ ಮಜ್ಜೆ ಸೊರಗಿ ಜೀವಕ್ಕೇ ಬರುತ್ತದೆ. ಉಳಿದ ಮಾತ್ರೆಗಳೆಲ್ಲ ದಿನಾ ಇರುವ ಚೀಟಿಯಲ್ಲಿ ಅದೊಂದು ಮಾತ್ರ ವಾರಕ್ಕೊಮ್ಮೆ ಎಂದರೆ ಕಣ್ಣಿಗೆ ಬೀಳುವುದಿಲ್ಲ. ಈಗ ವಾರದ ಹೆಸರು ಬರೆಯುತ್ತೇವೆ, 'ಸೋಮವಾರ ಮಾತ್ರ' ಎಂದು. ವಾರ್ಡ್ ಚಾರ್ಟಿನಲ್ಲಿ ಉಳಿದ ಆರು ದಿನದ ಚೌಕಕ್ಕೂ ಅಡ್ಡಗೆರೆ. ಒಂದು ಸಲಕ್ಕೆ ನಾಲ್ಕು ವಾರಕ್ಕಾಗುವಷ್ಟೇ ಮಾತ್ರೆ, ಬೇರೆ ಕವರಿನಲ್ಲಿ. ಎರಡು ಶಕ್ತಿಯ ಮಾತ್ರೆ ಬೆರೆಸಿ ಡೋಸ್ ಹೊಂದಿಸುವ ಅಭ್ಯಾಸ ಹೊರರೋಗಿ ವಿಭಾಗದಲ್ಲಿ ಇನ್ನೂ ಇದೆ, 2.5 ಮಿ.ಗ್ರಾಂನ ಮಾತ್ರೆಯೊಂದನ್ನೇ ಉಳಿಸಿಕೊಳ್ಳುವ ಕಾಗದ ಖರೀದಿ ವಿಭಾಗದ ಮೇಜಿನ ಮೇಲೆ ಎರಡು ತಿಂಗಳಿಂದ ಕುಳಿತಿದೆ.